ತಲೆ ಕೆಟ್ಟ ತಿರುಪನ್ನು ತೆಗೆಯುವ ಬಗೆ

ನಮ್ಮ ಗುತ್ತಿಗಾರು ಕಡೆಯಲ್ಲಿ ಜೀಪು ಇಲ್ಲದೆ ತೋಟದ ಸಂಸಾರ ಸಾಗುವುದು ಕಷ್ಟ. ಗೊಬ್ಬರ ತರುವುದಕ್ಕೆ ಅದೇ, ಅಡಿಕೆ ಒಯ್ಯುವುದಕ್ಕೆ ಅದೇ, ನಡುರಾತ್ರಿ ಹೊಟ್ಟೆನೋವು ಬಂದವರನ್ನು ಸುಳ್ಯಕ್ಕೆ ಮುಟ್ಟಿಸುವುದಕ್ಕೂ ಅದೇ. ಆದುದರಿಂದ ಇಂಜಿನು ಕೆಟ್ಟರೆ ನಾವು ಗಾಬರಿಯಾಗುತ್ತೇವೆ. ಟಯರು ಸವೆದರೆ ಸಾಲ ಮಾಡಿಯಾದರೂ ಹೊಸದು ಹಾಕಿಸುತ್ತೇವೆ. ಆದರೆ ಕಿರುಬೆರಳಿನ ಉಗುರಿನಷ್ಟಿರುವ ಒಂದು ತಿರುಪಿನ ತಲೆ ಸವೆದು ಬಿಚ್ಚಲು ಬಾರದೆ ಹೋದರೆ, "ಇರಲಿ, ಮುಂದಿನ ಸಲ ನೋಡುವ" ಎಂದು ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟುದರ ಫಲವನ್ನು ನಾವು ಒಮ್ಮೆ ಉಂಡಿದ್ದೇವೆ. ಸದಸ್ಯ ಬಂಧುಗಳಿಗೆ ಆ ಪಾಡು ಬಾರದಿರಲಿ ಎಂದು ಈ ನಾಲ್ಕು ಮಾತು.

ನಮ್ಮದೇ ತಪ್ಪು

2007ರ ಬೇಸಿಗೆಯಲ್ಲಿ ನಮ್ಮ ಹಳೆಯ ಡೀಸೆಲ್ ಜೀಪಿನ ಹಿಂದಿನ ಎಡ ಚಕ್ರದಿಂದ ಕೀರಲು ಸದ್ದು ಬರತೊಡಗಿತು. ಬ್ರೇಕಿನ ಡ್ರಮ್ಮಿನಲ್ಲಿ ಧೂಳು ತುಂಬಿರಬೇಕೆಂದು ಎಣಿಸಿ, ಮನೆಯಂಗಳದಲ್ಲೇ ಚಕ್ರ ಕಳಚಿದೆವು. ಡ್ರಮ್ಮನ್ನು ಹಬ್ಬಿಗೆ ಹಿಡಿದಿದ್ದವು ಎರಡು ಸ್ಟಾರ್ ತಲೆಯ ತಿರುಪುಗಳು. ಒಂದು ಸಲೀಸಾಗಿ ಬಂತು. ಇನ್ನೊಂದು ಕಚ್ಚಿಕೊಂಡಿತ್ತು. ಕೈಯಲ್ಲಿದ್ದದ್ದು ರೇಡಿಯೋ ಬಿಚ್ಚುವಂಥ ಸಣ್ಣ ಸ್ಕ್ರೂಡ್ರೈವರು. ಒತ್ತಿ ತಿರುಗಿಸಿದೆವು, ಜಾರಿತು. ಮತ್ತೆ ತಿರುಗಿಸಿದೆವು, ಮತ್ತೆ ಜಾರಿತು. ಐದನೆಯ ಸಲಕ್ಕೆ ತಲೆಯ ಮೇಲಿದ್ದ ಸ್ಟಾರಿನ ಗುರುತು ಮಾಯವಾಗಿ ದುಂಡನೆಯ ಗುಳಿ ಮಾತ್ರ ಉಳಿಯಿತು. ಬೇಸರದಿಂದ ಚಕ್ರ ಮೊದಲಿನಂತೆ ಹಾಕಿ ಎದ್ದೆವು.

ಆ ಬಳಿಕ ಎರಡು ಸಲ ಜೀಪನ್ನು ಸರ್ವೀಸಿಗೆ ಕೊಟ್ಟಿದ್ದೇವೆ. ಎರಡು ಸಲವೂ, "ಅದೊಂದು ಡ್ರಮ್ಮು ಬಿಡಿ, ತಿರುಪು ಬರುವುದಿಲ್ಲ, ಉಳಿದ ಮೂರನ್ನು ನೋಡಿದರೆ ಸಾಕು" ಎಂದು ಹೇಳಿದವರು ನಾವೇ. ಬ್ರೇಕ್ ಎಣ್ಣೆ ಆಗಾಗ ಕಡಿಮೆಯಾಗುತ್ತಿತ್ತು; ಅದು ಎಲ್ಲಿಗೆ ಹೋಗುತ್ತಿದೆ ಎಂದು ವಿಚಾರಿಸದೆ ತುಂಬಿಸುತ್ತ ಬಂದೆವು.

2009ರ ಆಟಿ ತಿಂಗಳು. ಮೂರು ಮೂಟೆ ಗೊಬ್ಬರ, ಹಿಂದೆ ಇಬ್ಬರು ಕೆಲಸದವರು. ತೋಟದ ದಾರಿಯಲ್ಲಿ ತೋಡಿನ ಕಡೆಗೆ ಇಳಿಯುವಾಗ ಬ್ರೇಕ್ ಪೆಡಲು ನೆಲಕ್ಕೆ ಹೋಯಿತು. ನಮ್ಮ ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಗೇರು ಇಳಿಸಿ, ಜೀಪನ್ನು ದಾರಿಯ ಬದಿಯ ಬರೆಗೆ ಒರಗಿಸಿ ನಿಲ್ಲಿಸಿದೆವು. ತೋಡಿಗೆ ಬೀಳಲಿಲ್ಲ, ಅದು ದೇವರ ದಯೆ. ಆದರೆ ಹಿಂದೆ ಇದ್ದವರಲ್ಲಿ ಒಬ್ಬ ಕೆಳಗೆ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡ. ಅವನು ಮರ ಹತ್ತಿ ಮದ್ದು ಬಿಡುವ, ಕೊನೆ ತೆಗೆಯುವ ಆಳು. ಆ ವರ್ಷ ಅವನು ಮರ ಹತ್ತಲಿಲ್ಲ. ಮರುವರ್ಷ ಹತ್ತಿದರೂ ಮೊದಲಿನ ಹಿಡಿತ ಬರಲಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟೆವು, ಕೂಲಿಯನ್ನೂ ಕೊಟ್ಟೆವು. ಕೂಲಿ ಕೊಟ್ಟ ಮಾತ್ರಕ್ಕೆ ಕೈ ಮೊದಲಿನಂತೆ ಆಗುತ್ತದೆಯೇ?

ಮೆಕ್ಯಾನಿಕ್ ಬಂದು ಚಕ್ರ ಕಳಚಿದ. ತಿರುಪನ್ನು ನೋಡಿ, "ಎಂತ ಅಣ್ಣ, ಇದರ ತಲೆ ನೀವೇ ತೆಗೆದದ್ದಾ?" ಎಂದು ಕೇಳಿದ. ಮೊಳೆಯಿಂದ ಗುಳಿಯ ಕೊಳೆ ಕೆರೆದು, ಎಣ್ಣೆ ಬಿಟ್ಟು, ಚಹಾ ಕುಡಿದು ಬಂದ. ತಿರುಪಿನ ತಲೆಗೆ ಪಂಚ್ ಇಟ್ಟು ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿದ. ಬಳಿಕ ತಲೆಯ ಅಂಚಿಗೆ ಸಣ್ಣ ಉಳಿಯನ್ನು ಓರೆಯಾಗಿ ಹಿಡಿದು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟುತ್ತ ಹೋದ. ತಿರುಪು ಅಲುಗಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಒಳಗೆ ವೀಲ್ ಸಿಲಿಂಡರು ಸೋರಿ ಒದ್ದೆಯಾಗಿತ್ತು. ಬ್ರೇಕಿನ ಲೈನಿಂಗ್ ರಿವೆಟ್ಟಿನ ತನಕ ಸವೆದಿತ್ತು. ಎರಡು ವರ್ಷ ನಮಗೆ ಕಾಣದೆ ಇದ್ದದ್ದು ಇದು. ಅದನ್ನು ಮುಚ್ಚಿಟ್ಟದ್ದು ಇಪ್ಪತ್ತು ನಿಮಿಷದಲ್ಲಿ ಬರುವ ಒಂದು ತಿರುಪು.

ತಿರುಪು ಕಚ್ಚಿಕೊಳ್ಳುವುದೇಕೆ?

ಕಬ್ಬಿಣ ತುಕ್ಕಾದಾಗ ಅದು ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ತಿರುಪಿನ ಥ್ರೆಡ್ಡಿಗೂ ತೂತಿನ ಥ್ರೆಡ್ಡಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ತುಕ್ಕು ಬೆಳೆದರೆ ಬೆಣೆ ಹೊಡೆದ ಹಾಗೆ. ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ನಮ್ಮ ಊರಿನಲ್ಲಿ ಇದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೆ ನಾವೇ ಸೇರಿಸುವ ಕಾರಣಗಳೂ ಇವೆ. ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಎಂದು ತಿಳಿಯಲು ನಾವು ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತೇವಷ್ಟೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರ. ಅದು ಕತ್ತಿಯ ಮೇಲೆ ಕೂರುವಾಗ ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಮೈಲುತುತ್ತಿನ ನೀರು ಜೀಪಿನ ಹಿಂಬದಿಯಲ್ಲಿ ಚೆಲ್ಲಿದಾಗ ನಡೆಯುವುದೂ ಇದೇ. ಕತ್ತಿಯನ್ನಾದರೋ ಒರಸಿ ಇಡುತ್ತೇವೆ; ಜೀಪಿನ ಅಡಿಯ ತಿರುಪನ್ನು ಒರಸುವವರು ಯಾರು? ಪೊಟ್ಯಾಷ್ ಗೊಬ್ಬರವೂ ಕ್ಲೋರೈಡು, ಉಪ್ಪಿನ ಜಾತಿಯದೇ. ಹರಿದ ಮೂಟೆಯಿಂದ ಉದುರಿದ್ದು ತೇವಕ್ಕೆ ಕರಗಿ ಸಂದಿಗೆ ಇಳಿದರೆ ತುಕ್ಕು ಬೇಗ ಹಿಡಿಯುತ್ತದೆ. ಕಾಫಿ ಹಣ್ಣು ಪಲ್ಪ್ ಮಾಡಿದ ನೀರು ಹುಳಿ. ಪಲ್ಪರಿನ ತಿರುಪುಗಳು ಕಚ್ಚಿಕೊಳ್ಳಲು ಅದು ಕಾರಣ. ಮದ್ದು, ಗೊಬ್ಬರ ಹೇರಿದ ದಿನ ಜೀಪಿನ ಹಿಂಭಾಗಕ್ಕೂ ಅಡಿಗೂ ನಾಲ್ಕು ಕೊಡ ಸಿಹಿನೀರು ಹೊಯ್ದರೆ ಅರ್ಧ ಕಾಯಿಲೆ ಅಲ್ಲಿಗೇ ಹೋಗುತ್ತದೆ.

ತಲೆ ಸವೆಯುವುದೇಕೆ?

ತಿರುಪು ಕಚ್ಚಿಕೊಳ್ಳುವುದು ಮಳೆಯ ಕೆಲಸ. ಅದರ ತಲೆ ಸವೆಯುವುದು ಹೆಚ್ಚಾಗಿ ನಮ್ಮ ಕೈಯ ಕೆಲಸ. ನಾವು ಸ್ಟಾರ್ ಎಂದು ಕರೆಯುವ ತಲೆಯನ್ನು 1930ರ ದಶಕದಲ್ಲಿ ಬಳಕೆಗೆ ತಂದವನು ಅಮೆರಿಕದ ಹೆನ್ರಿ ಫಿಲಿಪ್ಸ್. ಅದನ್ನು ಮೊದಲು ಹಿಡಿದವರಲ್ಲಿ ಕಾರು ತಯಾರಿಸುವವರೂ ಇದ್ದರು. ಈ ತಲೆಯ ಗುಳಿಯ ಗೋಡೆಗಳು ನೇರವಲ್ಲ, ಇಳಿಜಾರು. ಹೀಗಾಗಿ ಬಲ ಹೆಚ್ಚಾದಾಗ ಸ್ಕ್ರೂಡ್ರೈವರು ತಾನಾಗಿ ಮೇಲಕ್ಕೆ ಜಾರುತ್ತದೆ. ಜಾರುವಾಗ ಒಳಗಿನ ಮೂಲೆಗಳನ್ನು ಕೆತ್ತಿಕೊಂಡು ಬರುತ್ತದೆ. ಆದುದರಿಂದ ತಿರುಗಿಸುವ ಬಲಕ್ಕಿಂತ ಅದುಮುವ ಬಲ ಹೆಚ್ಚಿರತಕ್ಕದ್ದು.

ಅಳತೆಯೂ ಮುಖ್ಯ. ಸ್ಟಾರ್ ಸ್ಕ್ರೂಡ್ರೈವರಿಗೆ 1, 2, 3 ಎಂದು ನಂಬರು ಇದೆ. ಮನೆಯಲ್ಲಿ ಸಾಮಾನ್ಯವಾಗಿ ಇರುವುದು 2. ಬ್ರೇಕ್ ಡ್ರಮ್ಮಿನ, ಬಾಗಿಲ ತಿರುಗಣೆಯ ದಪ್ಪ ತಿರುಪುಗಳಿಗೆ ಬೇಕಾಗುವುದು ಹೆಚ್ಚಾಗಿ 3. ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಜಪಾನಿ ವಿನ್ಯಾಸದ ವಾಹನಗಳು ನಮ್ಮ ಹಳ್ಳಿಗಳಿಗೂ ಬಂದವು. ಜಪಾನಿ ಪದ್ಧತಿಯ ತಿರುಪಿನ ತಲೆ ಕಣ್ಣಿಗೆ ಫಿಲಿಪ್ಸ್ ತಲೆಯಂತೆಯೇ ಕಂಡರೂ ಒಳಗಿನ ಆಕಾರ ಸ್ವಲ್ಪ ಬೇರೆ. ಮಾಮೂಲಿ ಸ್ಕ್ರೂಡ್ರೈವರು ಅದರ ತಳ ಮುಟ್ಟುವುದಿಲ್ಲ. ಅಂಥ ಎಷ್ಟೋ ತಿರುಪುಗಳ ತಲೆಯಲ್ಲಿ ಒಂದು ಚಿಕ್ಕ ಚುಕ್ಕೆಯ ಗುರುತು ಇರುತ್ತದೆ. ಚುಕ್ಕೆ ಕಂಡರೆ ಜಪಾನಿ ಅಳತೆಯ ಬಿಟ್ ಕೇಳಿ ಪಡೆಯುವುದು ಲೇಸು.

ತೆಗೆಯುವ ಕ್ರಮ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ ಎಂಬ ಗಾದೆಯಂತೆ, ಹಗುರದ ಉಪಾಯ ಮೊದಲು, ಬಿರುಸಿನದು ಕೊನೆಗೆ. ಒಂದು ಫಲಿಸದಿದ್ದರೆ ಮಾತ್ರ ಮುಂದಿನದು.

ಆರಂಭದಲ್ಲಿ ಒಂದು ಎಚ್ಚರಿಕೆ. ಚಕ್ರ ಕಳಚಿದ ಮೇಲೆ ಜೀಪನ್ನು ಬರೇ ಜಾಕಿನ ಮೇಲೆ ಬಿಡಬಾರದು. ಕೆಂಪುಕಲ್ಲನ್ನೂ ಕೊಡಬಾರದು, ಭಾರ ಬಿದ್ದರೆ ಅದು ಒಮ್ಮೆಲೇ ಒಡೆಯುತ್ತದೆ. ಗಟ್ಟಿಮರದ ದಪ್ಪ ದಿಮ್ಮಿ ಅಥವಾ ಕಬ್ಬಿಣದ ಸ್ಟ್ಯಾಂಡ್ ಇರಲಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ.

1. ಶುಚಿ: ತಂತಿಯ ಬ್ರಷ್ಷಿನಿಂದ ತಲೆಯನ್ನು ಉಜ್ಜಿ, ಗುಳಿಯಲ್ಲಿ ಕೂತ ಮಣ್ಣು, ಬಣ್ಣ, ತುಕ್ಕನ್ನು ಮೊಳೆಯ ಮೊನೆಯಿಂದ ಪೂರ್ತಿ ಕೆರೆಯಿರಿ. ಸ್ಕ್ರೂಡ್ರೈವರು ತಳ ಮುಟ್ಟದೆ ಹಿಡಿತ ಸಿಗದು.

2. ಎಣ್ಣೆ ಮತ್ತು ಕಾಯುವಿಕೆ: ತುಕ್ಕು ಬಿಡಿಸುವ ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಡೀಸೆಲ್ ಆದೀತು. ಎಲ್ಲರೂ ಬಲ್ಲ ಡಬ್ಲ್ಯುಡಿ-40 ಎಂಬುದು 1953ರಲ್ಲಿ ಅಮೆರಿಕದಲ್ಲಿ ತುಕ್ಕು ತಡೆಯಲೆಂದು ಮಾಡಿದ್ದು. ನೀರನ್ನು ಹೊರದಬ್ಬುವ ಎಣ್ಣೆಗಾಗಿ ನಡೆಸಿದ 40ನೆಯ ಪ್ರಯತ್ನ ಎಂಬುದೇ ಆ ಹೆಸರಿನ ಅರ್ಥ. ಯಾವುದೇ ಎಣ್ಣೆಯಾದರೂ ಅದಕ್ಕೆ ಸಮಯ ಕೊಡಬೇಕು. ಸಂಜೆ ಬಿಟ್ಟು ಬೆಳಗ್ಗೆ ಬಿಚ್ಚುವುದು ಉತ್ತಮ. ಬ್ರೇಕಿನ ಹತ್ತಿರ ಮಾತ್ರ ಹನಿಯಷ್ಟೇ ಬಿಡಿ. ಡೀಸೆಲ್, ಸೀಮೆಎಣ್ಣೆ ತಾಗಿದರೆ ಬ್ರೇಕಿನ ರಬ್ಬರು ಉಬ್ಬಿ ಹಾಳಾಗುತ್ತದೆ, ಲೈನಿಂಗಿಗೆ ತಾಗಿದರೆ ಹಿಡಿತವೇ ಹೋಗುತ್ತದೆ.

3. ಪೆಟ್ಟು: ತಲೆಯ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ನೇರವಾಗಿ ನಾಲ್ಕೈದು ಪೆಟ್ಟು ಹಾಕಿದರೆ ಒಳಗಿನ ತುಕ್ಕು ಬಿರಿಯುತ್ತದೆ, ಎಣ್ಣೆ ಇಳಿಯುತ್ತದೆ. ಬಳಿಕ ಸರಿಯಾದ ಸ್ಕ್ರೂಡ್ರೈವರು ಇಟ್ಟು, ಮೊದಲು ಒಂದಿಷ್ಟು ಬಿಗಿ ಮಾಡುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿರಿ.

4. ಹಿಡಿತ ಹೆಚ್ಚಿಸುವುದು: ಗುಳಿ ಸ್ವಲ್ಪ ಸವೆದಿದ್ದರೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಚಿಟಿಕೆಯಷ್ಟು ಸ್ಕ್ರೂಡ್ರೈವರಿನ ಮೊನೆಗೆ ಹಚ್ಚಿರಿ. ಅದರ ಹರಳುಗಳು ಕಚ್ಚಿ ಹಿಡಿಯುತ್ತವೆ. ಸಣ್ಣ ತಿರುಪಿಗೆ ಸೈಕಲ್ ಟ್ಯೂಬಿನ ತೆಳ್ಳಗಿನ ತುಂಡು ಇಟ್ಟು ಅದುಮಿದರೂ ಕೆಲವೊಮ್ಮೆ ಬರುತ್ತದೆ.

5. ಇಂಪ್ಯಾಕ್ಟ್ ಡ್ರೈವರು: ಇದು ಸುತ್ತಿಗೆಯಿಂದ ಹೊಡೆಯುವ ಸ್ಕ್ರೂಡ್ರೈವರು. ಹಿಂಬದಿಗೆ ಹೊಡೆದಾಗ ಒಳಗಿನ ಓರೆ ಗಾಡಿಯಿಂದಾಗಿ ಬಿಟ್ ಒಂದೇ ಕ್ಷಣದಲ್ಲಿ ಒಳಕ್ಕೆ ಅದುಮಿ ತಿರುಗುತ್ತದೆ. ಅದುಮುವುದೂ ತಿರುಗಿಸುವುದೂ ಒಟ್ಟಿಗೇ ಆಗುವುದರಿಂದ ಜಾರುವ ಪ್ರಶ್ನೆಯಿಲ್ಲ. ಹೊಡೆಯುವ ಮೊದಲು ಬಿಚ್ಚುವ ದಿಕ್ಕಿಗೆ ಇಟ್ಟಿದೆಯೇ ಎಂದು ನೋಡಿಕೊಳ್ಳತಕ್ಕದ್ದು. 2007ರಲ್ಲಿ ನಮ್ಮ ಕೈಯಲ್ಲಿ ಇದೊಂದು ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

6. ಹೊಸ ಗೀರು: ತಲೆ ಮೇಲೆದ್ದಿರುವ ತಿರುಪಾದರೆ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರು ಹಾಕಬಹುದು. ಇಲ್ಲವೇ ಎರಡು ಬದಿಯನ್ನು ಅರದಿಂದ ಚಪ್ಪಟೆ ಮಾಡಿ ಸ್ಪಾನರು ಹಿಡಿಸಬಹುದು. ತಲೆ ಒಳಗೆ ಕೂತಿದ್ದರೆ ನಮ್ಮ ಮೆಕ್ಯಾನಿಕ್ ಮಾಡಿದಂತೆ ಅಂಚಿಗೆ ಉಳಿ ಹಿಡಿದು ತಟ್ಟುವುದೇ ದಾರಿ.

7. ಬಿಸಿ: ತಿರುಪಿನ ಸುತ್ತಣ ಭಾಗವನ್ನು ಬಿಸಿ ಮಾಡಿದರೆ ತೂತು ಹಿಗ್ಗಿ ತುಕ್ಕಿನ ಹಿಡಿತ ಸಡಿಲುತ್ತದೆ. ಎಣ್ಣೆ ಬಿಟ್ಟದ್ದನ್ನು ಮೊದಲು ಒರಸಬೇಕು. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ರಬ್ಬರು ಇರುವಲ್ಲಿ ಬೆಂಕಿ ಕೂಡದು. ಈ ಕೆಲಸ ಗ್ಯಾರೇಜಿನವರದ್ದು, ಅಂಗಳದ್ದಲ್ಲ.

8. ತಲೆಯನ್ನೇ ಕೊರೆಯುವುದು: ಇದು ಕೊನೆಯ ಉಪಾಯವಾದರೂ ಹೆದರಬೇಕಾಗಿಲ್ಲ. ತಲೆಯ ನಟ್ಟನಡುವೆ ಸೆಂಟರ್ ಪಂಚಿನಿಂದ ಗುಂಡಿ ಮಾಡಿ, ಮೊದಲು ಸಣ್ಣ ಬಿಟ್, ಬಳಿಕ ತಿರುಪಿನ ಕಾಂಡಕ್ಕಿಂತ ತುಸು ದಪ್ಪದ ಬಿಟ್ ಹಾಕಿ ತಲೆ ಕಳಚುವ ತನಕ ಕೊರೆಯಿರಿ. ತಲೆ ಹೋದರೆ ಡ್ರಮ್ಮು ಕೈಗೆ ಬರುತ್ತದೆ, ಕಾಂಡದ ತುಂಡು ಹಬ್ಬಿನಲ್ಲಿ ಉಳಿಯುತ್ತದೆ. ಬಿಗಿ ಹೋದುದರಿಂದ ಆ ತುಂಡನ್ನು ಗ್ರಿಪ್ ಪ್ಲಯರಿನಿಂದ ತಿರುಗಿಸಿದರೆ ಎಷ್ಟೋ ಸಲ ಸುಲಭವಾಗಿ ಬರುವುದುಂಟು.

ಒಳಗೇ ತುಂಡಾದರೆ

ಬೋಲ್ಟು ಮೇಲ್ಮೈಗೆ ಸಮನಾಗಿ ತುಂಡಾದರೆ ಅದರ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ಮಾಡಿ, ತಣಿದ ಮೇಲೆ ಸ್ಪಾನರಿನಿಂದ ತಿರುಗಿಸುತ್ತಾರೆ. ಹಿಡಿಯಲು ತಲೆಯೂ ಆಯಿತು, ಸಡಿಲಲು ಬಿಸಿಯೂ ಆಯಿತು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಕಳಚಿಸಲು ಮರೆಯಬೇಡಿ.

ಇನ್ನೊಂದು ಸಾಧನ ಎಕ್ಸ್‌ಟ್ರಾಕ್ಟರು; ಕೊರೆದ ತೂತಿಗೆ ಹಾಕಿ ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ತುಂಡನ್ನು ಹೊರತರುವ ಹತ್ಯಾರು. ಆದರೆ ಅದು ಬಹಳ ಗಡಸು ಉಕ್ಕು, ಬಾಗುವುದಿಲ್ಲ, ಒಡೆಯುತ್ತದೆ. ಒಳಗೆ ಮುರಿದರೆ ಮಾಮೂಲಿ ಬೈರಿಗೆ ಅದರ ಮೇಲೆ ಓಡದು. ಒಂದು ಹೋಗಿ ಎರಡಾಯಿತು ಎನ್ನುವ ಸ್ಥಿತಿ. ಜೋರು ಮಾಡದೆ ಲೇತಿನವರಿಗೆ ಒಪ್ಪಿಸುವುದು ಜಾಣತನ. ಥ್ರೆಡ್ಡು ಹಾಳಾಗಿದ್ದರೆ ಅವರು ತೂತನ್ನು ದೊಡ್ಡದು ಮಾಡಿ ಹೊಸ ಥ್ರೆಡ್ಡು ಹಾಕಿ ಕೊಡುತ್ತಾರೆ.

ಬ್ರೇಕಿನ ಗಾಳಿ ತೆಗೆಯುವ ನಿಪ್ಪಲ್ಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ಒಳಗೆ ಟೊಳ್ಳು, ಬೇಗ ಮುರಿಯುತ್ತದೆ. ಮುರಿದರೆ ಏನಾದರೂ ತೇಪೆ ಹಾಕಲು ಹೋಗದೆ ವೀಲ್ ಸಿಲಿಂಡರನ್ನೇ ಬದಲಿಸಿರಿ. ಉಳಿಸುವ ಹಣ ಸಣ್ಣದು, ಕಳೆಯುವುದು ಪ್ರಾಣ.

ಎಡ ತಿರುಪು

ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳು ಎಡ ಥ್ರೆಡ್ಡಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತವೆ. ಓಡುವಾಗ ತಾವಾಗಿ ಸಡಿಲಬಾರದೆಂದು ಹಾಗೆ ಮಾಡಿದ್ದು. ಇದು ತಿಳಿಯದವರು ಸ್ಪಾನರಿನ ಮೇಲೆ ಹತ್ತಿ ನಿಂತು, ಬಿಚ್ಚುತ್ತಿದ್ದೇವೆಂದು ನಂಬಿ ಬಿಗಿ ಮಾಡುತ್ತಲೇ ಸ್ಟಡ್ಡು ತುಂಡು ಮಾಡುತ್ತಾರೆ. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಇದೆಯೇ ಎಂದು ಒರಸಿ ನೋಡುವುದು ಅರ್ಧ ನಿಮಿಷದ ಕೆಲಸ. ಹೊಸದಾಗಿ ಜೀಪು ಹಿಡಿಯುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಮತ್ತೆ ಹಾಕುವಾಗ

ಕೆಟ್ಟ ತಿರುಪನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ. ಅಳತೆಗೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹಳೆಯ ಜೀಪುಗಳಲ್ಲಿ ಇಂಚಿನ ಥ್ರೆಡ್ಡು, ಹೊಸ ವಾಹನಗಳಲ್ಲಿ ಮಿಲಿಮೀಟರಿನದು. ಎರಡೂ ಒಂದೇ ದಪ್ಪ ಕಂಡರೂ ಒಂದಕ್ಕೊಂದು ಕೂಡುವುದಿಲ್ಲ. ಬಲಾತ್ಕಾರದಿಂದ ಹಾಕಿದರೆ ಎರಡೂ ಹಾಳು. ಬೆರಳಿನಿಂದ ಎರಡು ಮೂರು ಸುತ್ತು ಹೋಗದ ತಿರುಪಿಗೆ ಸ್ಪಾನರು ಹಾಕಬಾರದು. ಸ್ಟಿಯರಿಂಗು, ಬ್ರೇಕು, ಸ್ಪ್ರಿಂಗಿನ ಬೋಲ್ಟುಗಳ ತಲೆಯಲ್ಲಿ 8.8 ಮುಂತಾದ ಅಂಕೆ ಇದ್ದರೆ ಅದು ಬಲದ ಗುರುತು. ಹೊಸದರಲ್ಲೂ ಅದೇ ಅಂಕೆ ಅಥವಾ ಅದಕ್ಕಿಂತ ಮೇಲಿನದು ಇರಬೇಕು.

ಥ್ರೆಡ್ಡಿಗೆ ತೆಳುವಾಗಿ ಗ್ರೀಸು ಸವರಿ ಹಾಕಿದರೆ ಮುಂದಿನ ಸಲ ಕೈಗೆ ಸುಲಭ. ಚಕ್ರದ ನಟ್ಟುಗಳಿಗೆ ಮಾತ್ರ ತಯಾರಕರು ಹೇಳದ ಹೊರತು ಗ್ರೀಸು ಬೇಡ. ಡ್ರಮ್ಮಿನ ತಿರುಪನ್ನು ಮೈಮೇಲೆ ಬಂದವರಂತೆ ಬಿಗಿಯುವ ಅಗತ್ಯವೂ ಇಲ್ಲ. ಇಂಥ ಡ್ರಮ್ಮನ್ನು ನಿಜವಾಗಿ ಹಿಡಿಯುವುದು ಚಕ್ರದ ನಟ್ಟುಗಳು. ಚಕ್ರ ಕಳಚಿದಾಗ ಡ್ರಮ್ಮು ಸ್ಥಾನದಲ್ಲಿ ನಿಲ್ಲಲಿ ಎಂಬುದಕ್ಕಷ್ಟೇ ಆ ತಿರುಪು.

ಕೊನೆಯ ಮಾತು

ನಮ್ಮ ಸಂಘದ ಕಚೇರಿಯಲ್ಲಿ ಈಗ ಒಂದು ಇಂಪ್ಯಾಕ್ಟ್ ಡ್ರೈವರು, ಅದರ 2 ಮತ್ತು 3ನೆಯ ನಂಬರಿನ ಬಿಟ್‌ಗಳು, ಜಪಾನಿ ಅಳತೆಯ ಒಂದು ಬಿಟ್, ಒಂದು ಡಬ್ಬಿ ಗ್ರೈಂಡಿಂಗ್ ಪೇಸ್ಟ್ ಇರಿಸಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಬರೆದು ಒಯ್ಯಬಹುದು, ಬಾಡಿಗೆ ಇಲ್ಲ. ಒರಸಿ, ಎಣ್ಣೆ ಹಚ್ಚಿ ಮೂರು ದಿನದೊಳಗೆ ಹಿಂದೆ ತಂದರೆ ಸಾಕು.

ಮಳೆಗಾಲಕ್ಕೆ ಮುನ್ನ ನಾವು ಮೈಲುತುತ್ತು ತರುತ್ತೇವೆ, ಸುಣ್ಣ ತರುತ್ತೇವೆ, ಪಂಪಿನ ವಾಷರು ನೋಡುತ್ತೇವೆ. ಅದೇ ದಿನ ಜೀಪಿನ ನಾಲ್ಕು ಡ್ರಮ್ಮುಗಳನ್ನೂ ಬಿಚ್ಚಿಸಿ ನೋಡಿರಿ. ಮೂರು ನೋಡಿದರೆ ಸಾಲದು. ಬಾರದ ತಿರುಪು ಎಲ್ಲಿದೆಯೋ, ನೋಡಬೇಕಾದದ್ದು ಅದರ ಹಿಂದೆಯೇ ಇರುತ್ತದೆ.